ಬನದ ಕಪ್ಪೆಗೆ ಹೆಸರಿಟ್ಟದ್ದು

ಕಪ್ಪೆಯ ಹುಡುಗಿ ನಮ್ಮಕ್ಕನಿಗೆ ಮೋಸ ಮಾಡಿದಳು ಎಂದು ಬೈಂದೂರು ಪೇಟೆಯಲ್ಲಿ ಹೇಳಿಕೊಂಡು ತಿರುಗಿದವನು ನಾನು. ಅಕ್ಕನಿಗೆ ಮೋಸವಾದದ್ದು ನಿಜ. ಮಾಡಿದವಳು ಆ ಹುಡುಗಿಯಲ್ಲ.

ನಮ್ಮ ಗದ್ದೆಯ ಅಂಚಿಗೆ ನಾಗಬನವಿದೆ. ದಿನಾ ದೀಪ ಇಡುವವಳು ಅಕ್ಕ; ನಾಗರಪಂಚಮಿಗೆ ಅವಳ ಜೊತೆ ಹಾಲಿನ ಚೊಂಬು ಹಿಡಿಯುವವನು ನಾನು. ಅಲ್ಲಿಂದ ಒಣಗಿದ ಕಡ್ಡಿಯನ್ನೂ ಒಲೆಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಮಳೆಗಾಲ, ಕಪ್ಪೆಗಳ ಮೇಲೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದು, ಬನದೊಳಗೆ ಕೂಗುವುದು ಗದ್ದೆಯ ಕಪ್ಪೆಯಲ್ಲ, ಬೇರೆಯೇ ಜಾತಿ ಇರಬಹುದು ಎಂದಳು. ನಮ್ಮ ಕಣ್ಣಿಗೆ ಎರಡೂ ಒಂದೇ. ಅವಳು ಕೂಗಿನ ವ್ಯತ್ಯಾಸ ಕೇಳಿಸಿದಳು, ಕಾಲ್ಬೆರಳುಗಳ ನಡುವಿನ ಪೊರೆ ತೋರಿಸಿದಳು.

"ನಾಗನ್ ಊಟಕ್ಕೆ ಹೆಸ್ರ್ ಇಡುಕ್ ಬಂದದ್ದಾ ನೀನ್?" ಎಂದು ಅಕ್ಕ ನಕ್ಕಳು. "ಫೋಟೋ ತೆಕ್ಕೋ, ಅಡ್ಡಿಲ್ಲೆ. ಹಿಡ್ಕಂಡ್ ಹೋಪುಕಾಗ ಕಾಣ್."

ಒಂದು ಕಪ್ಪೆಯನ್ನೂ ಒಯ್ಯದೆ, ಕೆಲವು ಸಂಜೆ ಹಾಗೆಯೇ ಕೆಲಸ ನಡೆಯಿತು. ಆಮೇಲೆ ಹುಡುಗಿ ನನ್ನೊಬ್ಬನನ್ನೇ ಕರೆದು ಹೇಳಿದಳು: ಹೊಸ ಜಾತಿ ಎಂದು ಸಾರಬೇಕಾದರೆ ಒಂದು ಕಪ್ಪೆಯನ್ನು ಕೊಂದು ಸಂಗ್ರಹಾಲಯದಲ್ಲಿ ಇಡಬೇಕು, ನಾಳೆ ಯಾರಾದರೂ ತಕರಾರು ತೆಗೆದರೆ ಹೋಲಿಸಿ ನೋಡಲು ಅದೇ ಆಧಾರ. "ನಿಮ್ಮಕ್ಕನ್ನ ನೀವೇ ಕೇಳಿ. ಬೇಡ ಅಂದ್ರೆ ಬಿಟ್ಟುಬಿಡ್ತೇನೆ."

ನಾನು ಕೇಳಲಿಲ್ಲ. ಅಕ್ಕ ಏನೆನ್ನುವಳೆಂದು ಗೊತ್ತಿತ್ತು. ಕಪ್ಪೆಗೆ ನಮ್ಮೂರಿನ ಹೆಸರು ಬರುತ್ತದೆಂಬ ಆಸೆ ನನ್ನನ್ನು ಹಿಡಿದಿತ್ತು. ಮರುದಿನ, "ಅಕ್ಕ ಒಪ್ಪಿದಳು" ಎಂದೆ.

ಮುಂದಿನ ವರ್ಷ ಅವಳು ಸಂತೋಷದಿಂದ ಅಚ್ಚಾದ ಹಾಳೆಗಳನ್ನು ತಂದಳು. ಊರ ಹೆಸರು ಅದರಲ್ಲಿತ್ತು. ಚಿತ್ರದಲ್ಲಿ ಬಾಟಲಿಯೊಳಗೆ ಕಪ್ಪೆ, ಕಾಲಿಗೆ ಕಟ್ಟಿದ ಚೀಟಿ. ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು.

"ಇದ್ ನಮ್ ಬನದ್ದಾ?"

"ಹೌದಮ್ಮ. ನೀವು ಒಪ್ಪಿದ್ರಿ ಅಂತ ಇವರೇ ಹೇಳಿದ್ರಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. "ನಾ ಎಂತಕ್ ಹಾಂಗ್ ಹೇಳ್ಲಿ?" ಎಂದೆ.

"ಕೇಂಡ್ಯಾ? ನಮ್ ಮನಿ ಅನ್ನ ಉಂಡ್ಕಂಡ್ ನನ್ ತಮ್ಮನ್ ಮೇಲೇ ಸುಳ್ ಹೇಳ್ತ್ಯಾ?" ಎಂದಳು ಅಕ್ಕ ಹುಡುಗಿಗೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಗದ್ದೆಯ ಕಡೆ ಮುಖ ಮಾಡಿದೆ. ಅವಳು ಹಾಳೆಗಳನ್ನು ಜಗಲಿಯಲ್ಲೇ ಬಿಟ್ಟು ಹೋದಳು.

ಅಂದಿನಿಂದ ಅಕ್ಕ ದೀಪ ಇಟ್ಟ ಮೇಲೆ ಬನದ ಎದುರು ಬಾಗಿ, "ನನ್ನಿಂದ್ ತಪ್ಪಾಯ್ತ್" ಎನ್ನುವಳು. ಕಂಡಕಂಡವರನ್ನು ನಂಬಿ ಒಳಗೆ ಬಿಟ್ಟದ್ದು ತನ್ನ ತಪ್ಪೆಂದು. ಅದನ್ನು ಕೇಳಿ ಕೇಳಿ, ಈ ಮಳೆಗಾಲ ನನಗೆ ತಡೆಯಲಾಗಲಿಲ್ಲ. ಬತ್ತಿ ಹೊಸೆಯುತ್ತಿದ್ದವಳ ಎದುರು ಕೂತು ಎಲ್ಲವನ್ನೂ ಹೇಳಿದೆ.

ಅವಳು ಬತ್ತಿಯನ್ನು ತಟ್ಟೆಯಲ್ಲಿಟ್ಟಳು.

"ಆ ಹೆಣ್ಣಿಗ್ ಫೋನ್ ಮಾಡ್. ನಾ ಮಾತಾಡ್ತೆ."

ಹುಡುಗಿಯೊಡನೆ ತುಂಬ ಹೊತ್ತು ಮಾತಾಡಿದಳು, ಒಮ್ಮೆ ಅತ್ತಳು. ಮುಗಿದ ಮೇಲೆ ಫೋನನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟಳು. ನಾಗರಪಂಚಮಿಗೆ ಹಾಲಿನ ಚೊಂಬು ಹಿಡಿದುಕೊಳ್ಳಲು ಪಕ್ಕದ ಮನೆಯವರನ್ನು ಕರೆದಳು.