ಅಣ್ಣನ ಹೆಸರಿನ ನಂಬರ್

ಜರ್ಮನಿಗೆ ಬಂದಿಳಿದ ದಿನ ನನ್ನ ಫೋನಿನಲ್ಲಿ ಇಂಟರ್ನೆಟ್ ಇತ್ತು, ನಂಬರ್ ಇರಲಿಲ್ಲ. ನಾನು ನರ್ಸಾಗಿ ಸೇರಬೇಕಿದ್ದ ವೃದ್ಧಾಶ್ರಮದ ಕಚೇರಿಯಲ್ಲಿ ಒಬ್ಬ ಹೆಂಗಸು ಪೆನ್ನು ಹಿಡಿದು, ‘ನಿಮ್ಮ ಹ್ಯಾಂಡಿ ನಂಬರ್?’ ಎಂದಳು. ಇಲ್ಲಿ ಮೊಬೈಲಿಗೆ ಹ್ಯಾಂಡಿ ಎನ್ನುತ್ತಾರೆ. ಆ ಫೋನಿನಲ್ಲಿ ನಾನು ನ್ಯಾಮತಿ ತಾಲ್ಲೂಕಿನ ನಮ್ಮ ಗೋವಿನಕೋವಿಯ ಮನೆಯ ಮಾಳಿಗೆಯನ್ನು ಆಕಾಶದಿಂದ ತೋರಿಸಬಲ್ಲವಳಾಗಿದ್ದೆ. ಆದರೆ ನನ್ನನ್ನು ಕರೆಯುವುದಕ್ಕೆ ಒಂದು ನಂಬರ್ ಹೇಳು ಎಂದರೆ ನನ್ನ ಹತ್ತಿರ ಒಂದೂ ಇರಲಿಲ್ಲ. ಆಕೆ ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದಳು.

ಇದಕ್ಕೆ ಕಾರಣ ಇ-ಸಿಮ್. ಕಾರ್ಡಿಲ್ಲದ ಸಿಮ್ ಅದು. ಒಂದು ಚೌಕದ ಚಿತ್ರವನ್ನು ಸ್ಕ್ಯಾನ್ ಮಾಡಿದರೆ ಸೀದಾ ಫೋನಿನ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ಇಲ್ಲಿ ವಿಳಾಸ ನೋಂದಾಯಿಸುವವರೆಗೆ ಸಿಮ್ ಸಿಗುವುದು ಕಷ್ಟ. ಆ ನೋಂದಣಿಗೆ ಆನ್ಮೆಲ್ಡುಂಗ್ ಎನ್ನುತ್ತಾರೆ. ಅದಾಗುವವರೆಗೆ ಈ ದೇಶದ ಲೆಕ್ಕದಲ್ಲಿ ನಾವು ಇನ್ನೂ ಬಂದೇ ಇಲ್ಲ. ಅಲ್ಲಿಯವರೆಗೆ ಇರಲಿ ಎಂದು ನಮ್ಮನ್ನು ಕಳಿಸಿದ ಏಜೆನ್ಸಿಯವರು ಪ್ರವಾಸಿಗರ ಇ-ಸಿಮ್ ಕೊಟ್ಟಿದ್ದರು. ಅದರಲ್ಲಿ ಬರೀ ಇಂಟರ್ನೆಟ್, ಕರೆ ಇಲ್ಲ. ಇಲ್ಲಿಯ ಕಾರ್ಡಿಗೆ ಜಾಗ ಖಾಲಿ ಇರಲೆಂದು ನನ್ನ ಊರಿನ ನಂಬರನ್ನೂ ಹೊರಡುವ ಮೊದಲೇ ಇ-ಸಿಮ್ ಮಾಡಿಕೊಂಡಿದ್ದೆ.

ವಿಮಾನ ನಿಲ್ದಾಣದಲ್ಲಿ ನೆಟ್‌ವರ್ಕ್ ಹಿಡಿಯಲಿಲ್ಲ. ನೆಟ್‌ವರ್ಕ್ ಹಿಡಿಯದಿದ್ದರೆ ನಮ್ಮ ಕಡೆ ಏನು ಮಾಡುತ್ತೇವೆ? ಸಿಮ್ ತೆಗೆದು, ಉಫ್ ಎಂದು ಊದಿ, ಸೆರಗಿನಿಂದ ಒರೆಸಿ ಮತ್ತೆ ಹಾಕುತ್ತೇವೆ. ಹೊನ್ನಾಳಿಯ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರ ಫೋನಿಗೂ ಇದೇ ಮದ್ದು ಮಾಡಿಕೊಟ್ಟವಳು ನಾನು. ಅದೇ ರೂಢಿಯಲ್ಲಿ ಎರಡೂ ಇ-ಸಿಮ್ ತೆಗೆಯಲು ಹೋಗಿ ಡಿಲೀಟ್ ಒತ್ತಿದೆ. ಖಾತ್ರಿಯೇ ಎಂದು ಫೋನು ಕೇಳಿತು. ಹೌದು ಎಂದು ಒತ್ತಿದೆ. ಪ್ರವಾಸಿಗರದ್ದು ಮತ್ತೆ ಸ್ಕ್ಯಾನ್ ಮಾಡಿದ ಮೇಲೆ ಬಂತು. ಊರಿನದು ಬರಲಿಲ್ಲ. ಊದಲು, ಒರೆಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ.

ಹೋದರೆ ಹೋಗಲಿ ಎನ್ನುವ ನಂಬರ್ ಅದಾಗಿರಲಿಲ್ಲ. ನನ್ನ ತಂಗಿ ರೇಣುವನ್ನು ಜಗಳೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಗಂಡ ಅವಳ ಫೋನನ್ನು ಕಲ್ಲಿಗೆ ಬಡಿದು ಪುಡಿ ಮಾಡಿದ್ದಾನೆ. ಕೆಲವು ಸಲ ಫೋನಿನ ಬದಲು ಅವಳನ್ನು. ಅವನ ಫೋನಿಗೆ ನಾನು ಮಾಡಿದರೆ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾನೆ. ರೇಣುಗೆ ಬಾಯಿಪಾಠ ಇದ್ದದ್ದು ನನ್ನದೊಂದೇ ನಂಬರ್. ಹಿಟ್ಟಿನ ಗಿರಣಿಯಲ್ಲೋ ನೀರಿನ ಟ್ಯಾಂಕಿನ ಹತ್ತಿರವೋ ಯಾರದಾದರೂ ಫೋನು ಇಸಿದುಕೊಂಡು ಮಿಸ್ ಕಾಲ್ ಕೊಡುತ್ತಿದ್ದಳು. ನಾನು ವಾರ್ಡಿನಿಂದ ಹೊರಗೆ ಬಂದು ವಾಪಸ್ ಮಾಡುತ್ತಿದ್ದೆ. ನಾನು ಹೊರಡುವಾಗ ನಮ್ಮಿಬ್ಬರ ನಡುವೆ ಒಂದು ಮಾತಾಗಿತ್ತು. ಅವಳು ಆ ಮನೆ ಬಿಡಲು ಗಟ್ಟಿ ಮನಸ್ಸು ಮಾಡಿದ ದಿನ ನನಗೆ ಮಿಸ್ ಕಾಲ್ ಕೊಡಬೇಕು. ಹೊನ್ನಾಳಿಯಲ್ಲಿ ನನ್ನ ಜೊತೆಗಿದ್ದ ನರ್ಸ್ ಲತಾಗೆ ನಾನು ಹೇಳಿದರೆ ಸಾಕು, ಅವಳು ಜಗಳೂರಿನ ಬಸ್ ಸ್ಟ್ಯಾಂಡಿಗೇ ಹೋಗಿ ಕರೆದುಕೊಂಡು ಬಂದು ತನ್ನ ರೂಮಿನಲ್ಲಿ ಇಟ್ಟುಕೊಳ್ಳುತ್ತಾಳೆ.

ನಂಬರ್ ವಾಪಸ್ ಪಡೆಯಲು ಅದರ ಮಾಲೀಕರು ಆಧಾರ್ ಹಿಡಿದು ಅಂಗಡಿಗೆ ಹೋಗಬೇಕಂತೆ. ಮಾಲೀಕಳು ನಾನಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಸಿಮ್ ಗಂಡಸರ ಆಧಾರ್ ಮೇಲೇ ಬರುವುದು. ನನ್ನ ಮನೆಯಲ್ಲಿ ಮಾತ್ರವಲ್ಲ, ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಹಾಗೆಯೇ, ಒಮ್ಮೆ ನೋಡಿಕೊಳ್ಳಿ. ದುಡಿದು ರೀಚಾರ್ಜ್ ಮಾಡಿಸಿದವಳು ನಾನು, ಹೆಸರು ಮಂಜಣ್ಣನದು. ನ್ಯಾಮತಿಯಲ್ಲಿ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿರುವ ನಮ್ಮಣ್ಣ. ವಾಟ್ಸಾಪ್ ಇನ್ನೂ ನಡೆಯುತ್ತಿದ್ದುದರಿಂದ ಅವನಿಗೆ ಅದರಲ್ಲೇ ಮಾಡಿದೆ.

‘ಆ ನಂಬರ್ ಕಟ್ಕೊಂಡು ಏನ್ ಮಾಡ್ತೀಯ ಸವಿತಾ? ಅಲ್ಲಿ ಹೊಸಾದು ತಗೊಳಾಕೆ ಆಗಲ್ವಾ?’

‘ಅಣ್ಣ, ರೇಣುಗೆ ಬೇರೆ ನಂಬರ್ ಗೊತ್ತಿಲ್ಲ.’

‘ಅವಳು ಸಂಸಾರ ಮಾಡ್ಲಿ ಬಿಡು. ನೀನು ದೂರ ಕುಂತು ಅವಳ ತಲಿ ಕೆಡಿಸಬ್ಯಾಡ,’ ಎಂದವನು, ನಾನು ಸುಮ್ಮನಾಗದಿದ್ದಾಗ, ‘ಆತು, ಹೋಗಿ ಬರ್ತೀನಿ,’ ಎಂದ. ಆಮೇಲೆ ಕೇಳಿದಾಗಲೆಲ್ಲ ನಾಳೆ. ಕೊನೆಗೊಂದು ದಿನ, ‘ಅದು ಆಗಲ್ವಂತೆ, ಹೋಗೇ ಬಿಟ್ಟೈತಂತೆ,’ ಎಂದ. ನಾನು ನಂಬಿದೆ.

ನಾನು ಸುಮ್ಮನೆ ಕೂರಲಿಲ್ಲ. ಫೋನಿನಲ್ಲಿ ಹಳೆಯ ಮಿಸ್ ಕಾಲ್‌ಗಳ ನಂಬರ್‌ಗಳಿದ್ದವು. ಇಂಟರ್ನೆಟ್ ಮೇಲೆ ಕರೆ ಮಾಡುವ ಆ್ಯಪ್ ಹಾಕಿಕೊಂಡು ಒಂದೊಂದಕ್ಕೂ ಮಾಡಿದೆ. ವಿದೇಶದ ನಂಬರ್ ಕಂಡರೆ ನಮ್ಮ ಜನ ಮೋಸದ ಕರೆಯೆಂದು ಹೆದರಿ ಕತ್ತರಿಸುತ್ತಾರೆ. ಎತ್ತಿದ ಗಿರಣಿಯವರೂ, ‘ಯಾವ ರೇಣು? ನಮ್ಮ ಅಕೌಂಟಲ್ಲಿ ಏನೂ ಇಲ್ಲ, ಇಡ್ರೀ,’ ಎಂದು ಇಟ್ಟುಬಿಟ್ಟರು.

ನಮ್ಮ ಊರ ಕಡೆ ಸವಳಂಗದ ಬಸ್ಸಿನಲ್ಲಿ ಪಕ್ಕದವರನ್ನು ‘ಒಂದು ಮಿಸ್ ಕಾಲ್ ಕೊಟ್ಟು ಕೊಡ್ತೀನ್ರಿ’ ಎಂದು ಕೇಳಿದರೆ ಲಾಕ್ ತೆಗೆದೇ ಕೊಡುತ್ತಾರೆ. ಯಾರಿಗೆ, ಯಾಕೆ ಎಂದು ವಿಚಾರಿಸಿ, ಆ ಕಡೆಯವರನ್ನೂ ಮಾತಾಡಿಸುತ್ತಾರೆ. ಇಲ್ಲಿಗೆ ಬಂದ ಹೊಸತರಲ್ಲಿ, ತಡವಾಗುತ್ತದೆಂದು ವೃದ್ಧಾಶ್ರಮಕ್ಕೆ ತಿಳಿಸಲು ಬಸ್ ನಿಲ್ದಾಣದಲ್ಲಿ ಹಾಗೇ ಒಬ್ಬಾಕೆಯನ್ನು ಕೇಳಿದ್ದೆ. ಆಕೆ ಕೈಚೀಲವನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಸರಿದಳು. ತಪ್ಪು ಅವಳದ್ದಲ್ಲ. ಇಲ್ಲಿ ಹೆಂಡತಿಯ ಫೋನನ್ನು ಗಂಡನೂ ಕೇಳದೆ ಮುಟ್ಟುವುದಿಲ್ಲ. ಇದನ್ನು ಕಂಡಾಗ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ದಿನಗಳು ಹೇಗೋ ಹೋಗುತ್ತಿದ್ದವು. ಸಂಜೆಯ ಊಟಕ್ಕೆ ಇಲ್ಲಿ ಆಬೆಂಡ್‌ಬ್ರೋಟ್, ಅಂದರೆ ಸಂಜೆಯ ಬ್ರೆಡ್ಡು. ಒಲೆ ಹಚ್ಚುವ ಮಾತೇ ಇಲ್ಲ. ಅಜ್ಜ ಅಜ್ಜಿಯರಿಗೆ ಅದನ್ನು ಕೊಟ್ಟು ರೂಮಿಗೆ ಬಂದು ನಾನು ಅನ್ನಕ್ಕಿಡುತ್ತಿದ್ದೆ. ಆನ್ಮೆಲ್ಡುಂಗ್ ಮುಗಿದ ಮೇಲೆ ಅಂಚೆಯಲ್ಲಿ ಸಿಮ್ ಬಂತು. ಲಕೋಟೆಯ ಮೇಲೆ ನನ್ನ ಹೆಸರು, ಒಪ್ಪಂದದಲ್ಲಿ ನನ್ನ ಹೆಸರು, ಸಹಿ ನನ್ನದು. ಮೊದಲ ಸಂಬಳ ಬಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಆದರೆ ಆ ನಂಬರಿನಿಂದ ರೇಣುಗೆ ಏನು ಪ್ರಯೋಜನ? ಊರಿನ ಪ್ರೀಪೇಯ್ಡ್ ಫೋನುಗಳಿಂದ ಹೊರದೇಶಕ್ಕೆ ಒಂದು ಮಿಸ್ ಕಾಲ್ ಕೂಡ ಹೋಗುವುದಿಲ್ಲ.

ಹೊಸ ನಂಬರಿನಿಂದ ಮತ್ತೆ ಒಂದೊಂದಕ್ಕೂ ಮಾಡುತ್ತ ಹೋದೆ. ಈ ಸಲ ಒಬ್ಬರು ಎತ್ತಿ ಇಡದೆ ಕೇಳಿದರು. ರೇಣುವಿನ ಮನೆಯ ಪಕ್ಕದಲ್ಲೇ ರವಿಕೆ ಹೊಲಿಯುವ ಶಾಂತಕ್ಕ.

‘ನೀವು ರೇಣು ಅಕ್ಕನಾ? ಯಾಕ್ರೀ ಹಿಂಗ್ ಮಾಡಿದ್ರಿ?’

‘ಏನ್ ಮಾಡಿದೆ ಶಾಂತಕ್ಕ?’

‘ಬಟ್ಟಿ ಗಂಟು ಕಟ್ಟಿ ನಮ್ಮನ್ಯಾಗೆ ಇಟ್ಟಿದ್ಲು. ನನ್ನ ಫೋನಿಂದಾನೇ ನಿಮಗೆ ರಿಂಗ್ ಕೊಟ್ಟಳು. ಕಟ್ ಮಾಡೋದ್ರೊಳಗೆ ಯಾರೋ ಗಂಡಸ್ರು ಎತ್ತಿದ್ರು. ನಿಮ್ಮಣ್ಣನಂತೆ. ಆ ಸಾಯಂಕಾಲನೇ ಬಂದು, ಇಬ್ಬರನ್ನೂ ಕುಂಡ್ರಿಸಿ ಬುದ್ಧಿ ಹೇಳಿ, ಗಂಟನ್ನ ಅವರ ಮನಿಗೇ ಹಾಕಿಸಿ ಹೋದ್ರು.’

ಫೋನಿಟ್ಟು ನನ್ನದೇ ಹಳೆಯ ನಂಬರ್ ಒತ್ತಿದೆ. ರಿಂಗ್ ಆಯಿತು.

‘ಯಾರ್ರೀ ಅದು?’ ಎಂದಿತು ಮಂಜಣ್ಣನ ಧ್ವನಿ.

‘ನಾನು ಕಣಣ್ಣ.’

‘ನಂಬರ್ ನನ್ನ ಹೆಸರಲ್ಲೈತೆ. ನಾನು ತಗೊಂಡೆ. ಅದ್ರಾಗೇನ್ ತಪ್ಪು?’ ಎಂದ. ‘ಒಬ್ಬಳು ದೇಶ ಬಿಟ್ಟು ಹೋದ್ಲು, ಇನ್ನೊಬ್ಬಳು ಗಂಡನ್ನ ಬಿಟ್ಟು ಬಂದ್ರೆ ನಾನು ನ್ಯಾಮತಿಯಾಗೆ ತಲಿ ಎತ್ಕೊಂಡು ತಿರುಗಾಡಾಕೆ ಆಗತೈತಾ?’

ಅವನಿಗೆ ಏನೇನೋ ಅಂದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವನ ಮಕ್ಕಳೂ ಇದನ್ನು ಓದಬಹುದು. ಒಂದು ಮಾತ್ರ ಹೇಳುತ್ತೇನೆ. ಕದ್ದುಬಿಟ್ಟೆಯಲ್ಲೋ ಎನ್ನಲು ಹೋದವಳು ಆ ಮಾತನ್ನು ಅರ್ಧಕ್ಕೇ ಬಿಟ್ಟೆ. ಕಾಗದ ತೆಗೆದು ನೋಡಿದರೆ ಅದು ಅವನದೇ.

ಮರುದಿನ ಶಾಂತಕ್ಕನಿಗೆ ಮತ್ತೆ ಮಾಡಿ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ನಂಬರ್ ನಾನು ಕೊಟ್ಟದ್ದಲ್ಲ, ಅಣ್ಣನೇ ತನ್ನ ಆಧಾರ್ ಮೇಲೆ ಮಾಡಿಸಿಕೊಂಡದ್ದು. ಲತಾಳ ರೂಮು ಇನ್ನೂ ಇದೆ, ಒಂದೇ ಒಂದು ಸಲ ರೇಣುವನ್ನು ಫೋನಿಗೆ ಕರೆಯಿರಿ ಎಂದೆ. ಪಾಪ, ಫೋನನ್ನು ಅಲ್ಲೇ ಇಟ್ಟು, ಹೊಲಿಗೆ ಬಿಟ್ಟು ಎದ್ದು ಹೋದರು. ಇತ್ತ ನನ್ನ ಕಿಟಕಿಯ ಹೊರಗೆ ಭಾನುವಾರದ ಇಲ್ಲಿಯ ಮೌನ, ಕಿವಿಯಲ್ಲಿ ರೇಣುವಿನ ಹಳ್ಳಿಯ ಕೋಳಿಯ ಸದ್ದು.

ಶಾಂತಕ್ಕ ವಾಪಸ್ ಬಂದರು. ‘ಬಾಗಿಲ ತನಕ ಬಂದಾಳ್ರೀ, ಫೋನ್ ಮುಟ್ಟವಲ್ಲಳು. ನೀವು ಹೇಳಿದ್ದೆಲ್ಲಾ ಹೇಳಿದೆ. ಅಕ್ಕ ಬೇಕಂತ್ಲೇ ಅಣ್ಣಂಗೆ ನಂಬರ್ ಕೊಟ್ಟು ವಿಮಾನ ಹತ್ಯಾಳೆ ಅಂತಾಳೆ.’

‘ರೇಣೂ!’ ಎಂದು ಕೂಗಿದೆ. ಇಲ್ಲಿ ಭಾನುವಾರ ಹಾಗೆ ಕೂಗಬಾರದು. ಪಕ್ಕದ ರೂಮಿನವರು ಗೋಡೆ ಕುಟ್ಟಿದರು.

ದೂರದಿಂದ ಅವಳ ಧ್ವನಿ ಕೇಳಿತು. ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಮನೆಗೆ ಬಂದ ನೆಂಟರನ್ನು ಕಳಿಸಿಕೊಡುವಾಗ ಆಡುವ ಮಾತಿನ ಹಾಗಿತ್ತು.

‘ಅಕ್ಕಂಗೆ ಅಲ್ಲೇ ಚೆನ್ನಾಗಿರಾಕೆ ಹೇಳ್ರಿ, ಶಾಂತಕ್ಕ.’