ಕೆಮ್ಮುವ ರೇಡಿಯೋ

ಗಂಗಾನಗರದಲ್ಲಿ ನಮ್ಮ ಮನೆಯೆದುರು ಒಂದು ಇಸ್ತ್ರಿ ಗಾಡಿಯಿದೆ. ಅದರ ಮೂಲೆಯಲ್ಲಿ, ಮಡಿಸಿಟ್ಟ ಬಟ್ಟೆಗಳ ಪಕ್ಕ, ಹಳೆಯ ಕಾಲದ ಒಂದು ರೇಡಿಯೋ. ಬೇಸಿಗೆಯ ಮಧ್ಯಾಹ್ನಗಳಲ್ಲಿ, ಹೆಬ್ಬಾಳದ ಕಡೆ ಬಿಸಿಲು ಇನ್ನೂ ಚುರುಗುಟ್ಟುತ್ತಿರುವಾಗಲೇ, ಅದರ ಹಾಡಿನ ನಡುವೆ ಕರ್‌ರ್ ಚಟ್ ಎಂದು ಸದ್ದಾಗುತ್ತದೆ. ಇಸ್ತ್ರಿಯವರು ಅದರ ತಲೆಗೊಂದು ಮೊಟಕುತ್ತಾರೆ. ನಾನು ಮಾತ್ರ ಒಣಗಿದ ಬಟ್ಟೆ ತೆಗೆಯುವುದನ್ನು ಬಿಟ್ಟು ಬಾಲ್ಕನಿಯಲ್ಲಿ ಹಾಗೇ ನಿಂತುಬಿಡುತ್ತೇನೆ. ನಮ್ಮ ಮನೆಯಲ್ಲಿ ಆ ಸದ್ದಿಗೆ ಒಂದು ಹೆಸರಿತ್ತು. ಕೆಮ್ಮು ಎನ್ನುತ್ತಿದ್ದೆವು.

ಆ ಮನೆ ಈಗಿಲ್ಲ. ಹೆಸರಘಟ್ಟ ಕೆರೆಯ ಏರಿಯ ಕೆಳಗೆ ಇದ್ದ ಹೆಂಚಿನ ಮನೆ ಅದು. ಕೊಟ್ಟಿಗೆಯ ಗಂಜಲ, ಹಸಿ ಜೋಳದ ಕಡ್ಡಿ, ಕೆರೆಯ ಪಾಚಿ ಎಲ್ಲ ಕಲೆತ ವಾಸನೆ ನಮ್ಮ ಶಾಲೆಯ ಬಟ್ಟೆಗೂ ಹತ್ತಿರುತ್ತಿತ್ತು. ಅಪ್ಪ ಹಸುಗಳನ್ನು ನೋಡಿಕೊಳ್ಳುತ್ತಿದ್ದ. ಅವನ ತಮ್ಮ, ನನ್ನ ಚಿಕ್ಕಪ್ಪ, ಜಾಲಹಳ್ಳಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದ. ಮದುವೆಯ ಮಾತೆತ್ತಿದರೆ ನಗುತ್ತಾ ಎದ್ದು ಹೋಗುತ್ತಿದ್ದ ಅವನಿಗೆ ಇದ್ದದ್ದು ಒಂದೇ ಹುಚ್ಚು, ಹಾಯಿದೋಣಿ. ಯಾರೋ ಬಿಟ್ಟುಹೋದ ಹಲಗೆ ದೋಣಿಗೆ ತಾನೇ ಕಂಬ ನಿಲ್ಲಿಸಿ, ಬಿಳಿ ಟಾರ್ಪಾಲಿನ ಹಾಯಿ ಹೊಲಿಸಿ, ರಜೆ ಸಿಕ್ಕಾಗಲೆಲ್ಲ ನೀರಿಗಿಳಿಯುತ್ತಿದ್ದ. ಊರಿನವರು ಬಿಡುತ್ತಾರೆಯೇ? "ಆಚೆ ದಡಕ್ಕೆ ಬಸ್ಸೇ ಓಯ್ತದಲ್ಲೋ, ಗಾಳಿಗ್ಯಾಕೆ ಕಾಯ್ತೀಯ?" ಎಂದು ಕಾಲೆಳೆಯುತ್ತಿದ್ದರು.

ಬಟಾಬಯಲಿನಂಥ ನೀರಿನ ಮೇಲೆ ಹಾಯಿದೋಣಿಯ ಕಂಬಕ್ಕಿಂತ ಎತ್ತರದ್ದು ಬೇರೇನೂ ಇರುವುದಿಲ್ಲ. ಸಿಡಿಲು ಅದನ್ನೇ ಹುಡುಕಿಕೊಂಡು ಬರುತ್ತದೆ ಎಂದು ಚಿಕ್ಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಪಡುವಣದ ನೀಲಗಿರಿ ತೋಪು ಬೇರೆ, ಮೋಡ ನೆತ್ತಿಯ ಮೇಲೆ ಬರುವ ತನಕ ಅದನ್ನು ಮುಚ್ಚಿಡುತ್ತಿತ್ತು. ಅದಕ್ಕೆ ಅವನು ಅಜ್ಜಿಯನ್ನು ಕಾವಲಿಗೆ ಕೂರಿಸಿದ. ಎಲ್ಲೋ ದೂರದಲ್ಲಿ ಮಿಂಚಿದರೂ, ಗುಡುಗು ಕಿವಿಗೆ ಬೀಳುವುದಕ್ಕೆ ಬಹಳ ಮೊದಲೇ, ಹಳೆಯ ರೇಡಿಯೋದಲ್ಲಿ ಕರಕರ ಶುರುವಾಗುತ್ತದೆ. ಸ್ಟೇಷನ್ ಸಿಗದ ಜಾಗದಲ್ಲಿ ಮುಳ್ಳು ನಿಲ್ಲಿಸಿ, ಹಜಾರದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿಯ ಪಕ್ಕ ಅದನ್ನಿಟ್ಟ. ಹೊರಡುವ ಮುಂಚೆ ಅಂಗಳದಿಂದಲೇ ಕೂಗುತ್ತಿದ್ದ. "ಅವ್ವಾ, ಕೆಮ್ತೈತಾ?" ಅಜ್ಜಿ ಕಿವಿಗೊಟ್ಟು, "ಸುಮ್ಕೈತೆ ಕಣಪ್ಪ, ಓಗ್ಬಾ" ಎಂದರೆ ಹೋಗುತ್ತಿದ್ದ. ಅವನು ನೀರಿನಲ್ಲಿರುವಾಗ ಕೆಮ್ಮಿದರೆ ನಾನು ಏರಿಯ ಮೇಲೆ ಓಡಿ ಕೆಂಪು ಟವೆಲ್ ಬೀಸಬೇಕಿತ್ತು. ಅವನು ಹಾಯಿ ಇಳಿಸಿ, ಬೈದುಕೊಳ್ಳುತ್ತಲೇ ಹಿಂದಿರುಗುತ್ತಿದ್ದ.

ಹಳೆಯ ರೇಡಿಯೋ ಪೂರ್ತಿ ಕೆಟ್ಟುಹೋದಾಗ ಚಿಕ್ಕಪ್ಪ ಹೊಸದು ತಂದ. ಎಫ್‌ಎಂ ಬಂದ ಹೊಸತು. ಒಂದು ಗುಂಡಿಯನ್ನು ಆ ಕಡೆ ಸರಿಸಿದರೆ ಎಫ್‌ಎಂ ಹಾಡು, ಪಕ್ಕದಲ್ಲೇ ಕೂತು ಹಾಡಿದಷ್ಟು ಸ್ಪಷ್ಟ. ಈ ಕಡೆ ಸರಿಸಿದರೆ ಹಳೆಯ ಕರಕರ. ಓದಲು ಬಾರದ ಅಜ್ಜಿಗಾಗಿ ಈ ಕಡೆಗೆ ನನ್ನದೊಂದು ಕೆಂಪು ಟಿಕ್ಲಿ ಅಂಟಿಸಿದ. "ನಾನ್ ನೀರಲ್ಲಿರೋವಾಗ ಗುಂಡಿ ಟಿಕ್ಲಿ ಕಡೆನೇ ಇರ್ಬೇಕು ಕಣವ್ವ. ಆ ಕಡೆ ಹಾಕಿದ್ರೆ ಸಿಡ್ಲು ಹೊಡೆದ್ರೂ ಅದು ಕೆಮ್ಮಲ್ಲ" ಎಂದು ಎರಡೆರಡು ಸಲ ಹೇಳಿದ. ಅಜ್ಜಿಗೆ ಹೊಸ ಹಾಡುಗಳ ರುಚಿ ಹತ್ತಿತು. ಬೆಳಿಗ್ಗೆಯೆಲ್ಲ ಕೇಳುತ್ತಿದ್ದಳು. ಜೀವನವಿಡೀ ಸಗಣಿ ಬಾಚಿದ ಹೆಂಗಸಿಗೆ ಆ ವಯಸ್ಸಿನಲ್ಲಿ ಸಿಕ್ಕ ಒಂದೇ ಸುಖ ಅದು.

ಆ ದಿನ ಮಧ್ಯಾಹ್ನ ಚಿಕ್ಕಪ್ಪ ಎಂದಿನಂತೆ ಅಂಗಳದಿಂದ ಕೂಗಿದ. ಹಾಡು ಮುಗಿದು ರೇಡಿಯೋದಲ್ಲಿ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು, ಅದು ಅಂಗಳದವರೆಗೂ ಕೇಳುವಂತಿರಲಿಲ್ಲ. "ಸುಮ್ಕೈತೆ, ಓಗ್ಬಾ" ಎಂದಳು ಅಜ್ಜಿ. ಕಾಲು ಕೆಸರಾಗಿದ್ದರಿಂದ ಅವನು ಒಳಗೆ ಬರಲಿಲ್ಲ. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಜಗಲಿಯ ಮೇಲೆಯೇ ಕೂತಿದ್ದೆ. ಯಾರೂ ಓಡು ಎನ್ನಲಿಲ್ಲ. ತೋಪಿನ ಹಿಂದಿನಿಂದ ಕಪ್ಪು ಮೋಡ ಒಮ್ಮೆಲೇ ಮೇಲೆದ್ದಿತು, ನಾನು ಏರಿ ಹತ್ತುವಷ್ಟರಲ್ಲಿ ಕಣ್ಣು ಕತ್ತಲಿಡುವಂಥ ಬೆಳಕು, ಅದರ ಜೊತೆಗೇ ಸದ್ದು. ದೋಣಿ ಗಾಳಿಗೆ ತಾನಾಗಿಯೇ ದಡಕ್ಕೆ ಬಂತು. ಚಿಕ್ಕಪ್ಪ ಅದರೊಳಗೆ ನಿದ್ದೆ ಹೋದವನಂತೆ ಮಲಗಿದ್ದ. ನಾನು ಇಂದಿಗೂ ಆ ಕೆರೆಯ ಕಡೆ ಹೋಗುವುದಿಲ್ಲ.

ಹೆಣವನ್ನು ಅಂಗಳಕ್ಕೆ ತಂದು ಎಲ್ಲರೂ ಗೋಳಾಡುತ್ತಿದ್ದಾಗ ಅಪ್ಪ ಒಳಗೆ ಬಂದ. ಹಜಾರದಲ್ಲಿ ರೇಡಿಯೋ ಇನ್ನೂ ಹಾಡುತ್ತಿತ್ತು. ಅದನ್ನು ಆರಿಸಲು ಬಗ್ಗಿದವನು ಹಾಗೇ ನಿಂತ. ಆಮೇಲೆ ಗುಂಡಿಯನ್ನು ಮೆಲ್ಲಗೆ ಟಿಕ್ಲಿಯ ಕಡೆಗೆ ಸರಿಸಿದ. ಬಾಗಿಲಲ್ಲಿದ್ದ ನನ್ನನ್ನು ನೋಡಿ, "ಅಜ್ಜಿಗೆ ಏಳ್ಬ್ಯಾಡ ಕಣಮ್ಮ. ಗೊತ್ತಾದ್ರೆ ಬದುಕಲ್ಲ" ಎಂದ. ಬಂದವರಿಗೆಲ್ಲ ಅವನು ಒಂದೇ ಮಾತು ಹೇಳಿದ: ಕೆಲವೊಮ್ಮೆ ರೇಡಿಯೋಗೂ ಗೊತ್ತಾಗುವುದಿಲ್ಲ, ಎಲ್ಲ ಹಣೆಬರಹ. ಅಜ್ಜಿ ತಲೆಯಾಡಿಸುತ್ತಾ ಕೂತಿದ್ದಳು. ಆಮೇಲೆ ಅವಳು ಹಾಡು ಕೇಳಲಿಲ್ಲ.

ಅಜ್ಜಿ ಬಹಳ ವರ್ಷ ಬದುಕಿದಳು. ಜಮೀನು ಲೇಔಟ್ ಆಗಿ, ಮನೆ ಕೆಡವಿ, ನಾವೆಲ್ಲ ಇಲ್ಲಿಗೆ ಬಂದ ಮೇಲೂ ಇದ್ದಳು. ಅವಳ ಕೊನೆಯ ಮಳೆಗಾಲದಲ್ಲಿ ಒಂದು ಸಂಜೆ ಅವಳ ತಲೆ ಬಾಚುತ್ತಿದ್ದೆ. ಹೊರಗೆ ಗುಡುಗಿತು. ಅಜ್ಜಿ ನನ್ನ ಕೈ ಹಿಡಿದುಕೊಂಡಳು.

"ಅವತ್ತು ರೇಡಿಯೋ ಗುಂಡಿ ಆಡು ಬರೋ ಕಡೆ ಇತ್ತು ಕಣೆ. ಸಿಡ್ಲು ಒಡೆದೇಟ್ಗೆ ನೋಡ್ದೆ, ಅಂಗೇ ಬುಟ್ಟು ಕೆರೆತಾವ್ಕೆ ಓಡ್ದೆ. ತಿರ್ಗಾ ಬಂದು ನೋಡಿದ್ರೆ ಟಿಕ್ಲಿ ಕಡೆ ಐತೆ. ನಿಮ್ಮಪ್ಪಂದೇ ಕೆಲ್ಸ."

ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಜ್ಜಿ ಎಂದು ಕೇಳಿದೆ.

"ಅವ್ವನ್ನ ಉಳಿಸ್ಕಂಡೆ ಅಂತ ಅನ್ಕಂಡವ್ನೆ ಅವ್ನು. ತಮ್ಮನ್ನಂತೂ ಉಳಿಸ್ಕಳಕ್ಕಾಗ್ಲಿಲ್ಲ. ಇದೊಂದಾದ್ರೂ ಇರ್ಲಿ ಅವ್ನಿಗೆ. ನೀನೂ ಏಳ್ಬ್ಯಾಡ."

ಅಪ್ಪ ಈಗ ನನ್ನ ಜೊತೆಯಲ್ಲೇ ಇದ್ದಾನೆ. ಮೋಡ ಕವಿದ ದಿನ ಬಾಲ್ಕನಿಗೆ ಬಂದು ನನ್ನ ಪಕ್ಕ ನಿಲ್ಲುತ್ತಾನೆ. "ಪಾಪ, ಅವ್ವಂಗೆ ಕೊನೆವರ್ಗೂ ಗೊತ್ತಾಗ್ಲಿಲ್ಲ, ಅಲ್ವಾ?" ಎಂದು ಕೇಳುತ್ತಾನೆ.

ಇಲ್ಲಪ್ಪ, ಗೊತ್ತಾಗಲಿಲ್ಲ ಎನ್ನುತ್ತೇನೆ.