ಹೆವಿ ಮೆಟಲ್‌ನಲ್ಲಿ ನಮ್ಮ ಆರತಿ ಹಾಡು

"ಹಾಡೋರು ಯಾವಾಗ ಬರ್ತಾರೆ ಪುಟ್ಟಿ?" ಅಂತ ನಾನು ಕೇಳಿದ್ದೇ ತಡ, ಮೊಮ್ಮಗಳ ಗೆಳೆಯರೆಲ್ಲ ನಕ್ಕುಬಿಟ್ಟರು. ತಾಂಬರಂನ ನಮ್ಮ ಮನೆಯಲ್ಲಿ ಅವಳು ತನ್ನ ಹೆವಿ ಮೆಟಲ್ ಆಲ್ಬಮ್ ಹಾಕಿ, ಹೇಗಿದೆ ಅಂತ ಎಲ್ಲರನ್ನೂ ಕೇಳುತ್ತಿದ್ದಳು. ಬರೀ ಗಿಟಾರು, ಡ್ರಮ್ಮು. ಹಾಡುವವರೇ ಇಲ್ಲವಂತೆ.

ಎಲ್ಲವೂ ಚೆನ್ನಾಗಿದೆ, ಕೊನೆಯದೊಂದು ಹೊಂದುವುದಿಲ್ಲ, ತೆಗೆದುಬಿಡು ಅಂದರು ಗೆಳೆಯರು. ಅವಳ ಮುಖ ಸಪ್ಪಗಾಯಿತು. ನಾನೂ ಕೇಳುತ್ತೇನೆ, ಹಾಕು ಅಂದೆ.

ಗುಡುಗಿನಂಥ ಆ ಸದ್ದಿನ ನಡುವೆ ಬಂದದ್ದು, ಮದುವೆಗಳಲ್ಲಿ ಆರತಿ ಎತ್ತುವಾಗ ನಾನು ಹೇಳುವ ಹಾಡಿನ ಧಾಟಿ! ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ, ಒಂದು ಸ್ವರವೂ ತಪ್ಪದೆ ನುಡಿಸಿದ್ದಳು. ನನಗೇ ತಿಳಿಯದೆ ಎದ್ದು ನಿಂತು ಹಾಡತೊಡಗಿದೆ. ತಟ್ಟೆಯಿಲ್ಲದಿದ್ದರೂ ಕೈಗಳು ಆರತಿ ಎತ್ತುತ್ತಿದ್ದವು. ಮುಗಿದಾಗ ಯಾರೂ ನಗಲಿಲ್ಲ.

"ಎಡುಕ್ಕಾದೇ, ಇರುಕ್ಕಟ್ಟುಂ," ಅಂದ ಡ್ರಮ್ಮು ಬಾರಿಸುವ ಹುಡುಗ. ತೆಗೆಯಬೇಡ, ಇರಲಿ ಅಂತ. ಮೊಮ್ಮಗಳು ನನ್ನ ಕೈ ಹಿಡಿದುಕೊಂಡು, "ಅಜ್ಜಿ, ಇನ್ನೊಂದು ಹೇಳ್ಕೊಡು," ಅಂದಳು, ಕನ್ನಡದಲ್ಲೇ.

ನನ್ನ ಕಾಲಕ್ಕೇ ಈ ಹಾಡುಗಳು ಮುಗಿದವು ಅಂದುಕೊಂಡಿದ್ದೆ. ಈಗ ಸಂಜೆಯಾದರೆ ಅವಳು ಗಿಟಾರು ಹಿಡಿದು ಕೂರುತ್ತಾಳೆ, ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಹೇಳಿಕೊಡುತ್ತೇನೆ. ಮೆಲ್ಲಗೆ ಹೇಳಿದರೆ ಕೇಳಿಸುವುದೇ ಇಲ್ಲ.